ಬೊಮ್ಮಕ್ಕನ ದನಿ ಇದ್ದ ಡಬ್ಬಿ

ಜಗಳೂರಿನಾಗೆ ಹಿಟ್ಟಿನ ಗಿರಣಿ ಇಟ್ಕಂಡಿರೋ ಚಿತ್ತಪ್ಪ ಅದಾನಲ್ಲ, ಅವನ ಕೈಗೆ ಒಂದು ಸ್ಕ್ರೂಡ್ರೈವರ್ ಸಿಕ್ರೆ ಮುಗೀತು, ಉಣ್ಣಾಕೂ ಏಳಂಗಿಲ್ಲ. ಕೆಟ್ಟ ರೇಡಿಯೋ, ನಿಂತ ಗಡಿಯಾರ, ಮಕ್ಕಳು ಎಸೆದ ಆಟದ ಕಾರು, ಏನೇ ಸಿಗಲಿ ಬಿಚ್ಚಿ ಹರವ್ಕಂಡು ಕುಂದ್ರಾನು. ಯಾರೂ ಕಲಿಸಿದ್ದಲ್ಲ. ಮೊಬೈಲ್‌ನಾಗೆ ನೋಡೋದು, ದಾವಣಗೆರೆಗೆ ಹೋದಾಗ ಚಿಕ್ಕ ಚಿಕ್ಕ ಸಾಮಾನು ತರೋದು, ಗಿರಣಿ ಬಿಡುವಾದಾಗ ಬೆಸುಗೆ ಹಾಕೋದು. ಹಿಟ್ಟು ಮೆತ್ತಿದ ರೆಪ್ಪೆ ಕಿರಿದು ಮಾಡ್ಕಂಡು ಅವನು ಹಂಗೆ ಕುಂತಿದ್ರೆ ನೋಡಾಕೆ ಒಂಥರಾ ಚಂದ, ಪಾಪ.

ರಿಮೋಟ್ ಕೆಟ್ಟೈತೆ ಅಂತ ಯಾರಾನ ತಂದ್ರೆ, ಅದರ ಮೂತಿನ ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಾನು. "ನೋಡಕ್ಕ, ಇದರಾಗೆ ಬೆಳಕು ಮಿಣುಕ್ತೈತೆ. ಬರೀ ಕಣ್ಣಿಗೆ ಕಾಣಂಗಿಲ್ಲ. ರಿಮೋಟ್ ಚೆನ್ನಾಗೈತೆ, ನಿನ್ನ ಟಿವಿನೇ ಮುನಿಸ್ಕಂಡೈತೆ." ಇನ್ನು ಮಿಕ್ಸಿ ಪಾಠ ಅಂತೂ ಬೀದಿ ಹೆಣ್ಮಕ್ಕಳಿಗೆಲ್ಲ ಬಾಯಿಪಾಠ. ರುಬ್ತಾ ರುಬ್ತಾ ನಿಂತ್ರೆ ಗಾಬರಿ ಬ್ಯಾಡ, ಬಿಸಿಯಾಗಿ ತಾನೇ ನಿಂತಿರ್ತೈತೆ, ಆರಿದ ಮ್ಯಾಲೆ ಅಡಿಯಾಗಿರೋ ಕೆಂಪು ಗುಂಡಿ ಒತ್ರಿ, ಎದ್ದು ಕೂಗ್ತೈತೆ. ಅವನ ಅತ್ತೆ ಕರಿಯಕ್ಕ, ಗೋವಿನಕೋವಿಯಾಕಿ, ಅದನ್ನ ಕಲ್ತು ಅವರೂರಿನಾಗೆ ದೊಡ್ಡ ಇಂಜಿನಿಯರ್ ಆಗಿಬಿಟ್ಟಿದ್ಲು. ಯಾರ ಮನ್ಯಾಗೆ ಚಟ್ನಿ ಅರ್ಧಕ್ಕೆ ನಿಂತ್ರೂ ಕರಿಯಕ್ಕನ್ನ ಕರೀರಿ ಅನ್ನೋರು.

ಆ ಕರಿಯಕ್ಕನ ಮಗಳೇ ಬೊಮ್ಮಕ್ಕ, ಚಿತ್ತಪ್ಪನ ಹೆಂಡ್ತಿ. ಬಾಯಿ ಜೋರು, ಮನಸು ಬೆಣ್ಣೆ. ಗಂಡ ಗಿರಣ್ಯಾಗಿದ್ರೆ, ತಾನು ಹಿತ್ತಲಾಗಿದ್ರೆ, ಮನೆಗೆ ಯಾರು ಬಂದ್ರೂ ಗೊತ್ತಾಗಂಗಿಲ್ಲ ಅಂತ ದಿನಾ ಬೈಯಾಳು. ಅದಕ್ಕೆ ಚಿತ್ತಪ್ಪ ಒಂದು ಡಬ್ಬಿ ಮಾಡಿ ಒಳಗಿನ ಗೋಡೆಗೆ ಹಾಕಿದ. ಅದರ ಮುಂದೆ ಅರ್ಧ ಮೊಟ್ಟೆಯಂಗೆ ಒಂದು ಬಿಳಿ ಗುಮ್ಮಟ. ಮನುಷ್ಯರ ಮೈ ಬಿಸಿ ಇರ್ತೈತಲ್ಲ, ಆ ಬಿಸಿ ಆ ಕಡೆ ಈ ಕಡೆ ಹಾಯ್ದ್ರೆ ಅದಕ್ಕೆ ತಿಳೀತೈತಂತೆ. ತಿಳಿದ ಕೂಡ್ಲೇ ಒಳಗೆ ತುಂಬಿಟ್ಟಿರೋ ಮಾತು ಆಡ್ತೈತೆ. ಮಾತು ತುಂಬಾಕೆ ಒಂದು ಕೆಂಪು ಗುಂಡಿ. ಒತ್ತಿ ಹಿಡ್ಕಂಡು ಮಾತಾಡಬೇಕು. ಹೊಸಾ ಮಾತು ತುಂಬಿದ್ರೆ ಹಳೇದು ಅಳಿಸಿ ಹೋಗ್ತೈತೆ.

"ಬರ್ರಿ ಅಂತ ಒಂದು ಮಾತು ಹೇಳೇ," ಅಂದ.

ಅವಳು ಸೆರಗು ಸಿಗಿಸ್ಕಂಡು ಗುಂಡಿ ಒತ್ತಿ, "ಬೆಕ್ಕಾದ್ರೆ ಆಚೆ ಹೋಗು, ನೆಂಟ್ರಾದ್ರೆ ಕುಂದ್ರಿ, ನೀರು ತರ್ತೀನಿ," ಅಂದು ಕಿಸಕ್ಕಂತ ನಕ್ಲು. ಆ ನಗಾನೂ ಒಳಗೆ ಸೇರ್ಕಂತು.

ಹೋದ ಮಳೆಗಾಲದಾಗೆ ಅವಳಿಗೆ ಜ್ವರ ಬಂತು. ದಾವಣಗೆರೆ ಆಸ್ಪತ್ರೆಗೆ ಹೋದಾಕಿ ಮನೆಗೆ ವಾಪಸ್ ಬರಲಿಲ್ಲ. ಮಣ್ಣು ಮಾಡಿ ಬಂದ ದಿನ ಚಿತ್ತಪ್ಪ ಹೊಸ್ತಿಲು ದಾಟಿದನೋ ಇಲ್ಲವೋ, ಗೋಡೆ ಮ್ಯಾಲಿಂದ ಅವಳು ನಕ್ಲು. ಅವತ್ತೇ ಸ್ವಿಚ್ ಆರಿಸಿದ. ಅವಳ ದನಿ ಅಂತ ಭೂಮಿ ಮ್ಯಾಲೆ ಉಳಿದಿದ್ದು ಅದೊಂದೇ. ಅವಳದು ಬರೀ ಗುಂಡಿ ಫೋನು, ಅದರಾಗೆ ಏನೂ ಇರಲಿಲ್ಲ. ಬೇರೆ ಕಡೆಗೆ ಒಂದು ನಕಲು ಇಳಿಸ್ಕಬೇಕು ಅಂತ ಕುಂದ್ರಾನು, ಇಳಿಸಬೇಕಂದ್ರೆ ಕೇಳಬೇಕಲ್ಲ, ಆಗದೆ ಎದ್ದು ಹೋಗಾನು.

ಹಿರೇರ ಹಬ್ಬ ಬಂತು. ನಮ್ಮ ಕಡೆ ಗೊತ್ತಲ್ಲ, ಸತ್ತೋರಿಗೆ ಇಷ್ಟ ಆದದ್ದೆಲ್ಲ ಮಾಡಿ, ಹೊಸಾ ಸೀರೆ ಇಟ್ಟು, ಎಡೆ ಹಾಕಿ, ಬಾಗಿಲು ಎಳ್ಕಂಡು ಎಲ್ಲರೂ ಆಚೆ ನಿಲ್ಲೋದು. ಅವರು ಬಂದು ಉಂಡು ಹೋಗ್ಲಿ ಅಂತ. ಮಧ್ಯಾಹ್ನ ಕರಿಯಕ್ಕ, ಚಿತ್ತಪ್ಪನ ತಂಗಿ ಕೊಟ್ರಮ್ಮ, ಅವಳ ಮಕ್ಕಳು ಎಲ್ಲಾ ಅಂಗಳದಾಗೆ ನಿಂತಿದ್ರು. ಹಸಿದ ಮಕ್ಕಳು ಕೂಡ ಉಸಿರೆತ್ತಲಿಲ್ಲ.

ಒಳಗಿಂದ ದನಿ ಬಂತು. "ಬೆಕ್ಕಾದ್ರೆ ಆಚೆ ಹೋಗು, ನೆಂಟ್ರಾದ್ರೆ ಕುಂದ್ರಿ, ನೀರು ತರ್ತೀನಿ." ಆಮೇಲೆ ಆ ನಗೆ.

ಕೊಟ್ರಮ್ಮ ಮಕ್ಕಳನ್ನ ಅವಚ್ಕಂಡ್ಲು. ಕರಿಯಕ್ಕ ಎದೆ ಮ್ಯಾಲೆ ಕೈ ಇಟ್ಕಂಡು, "ನೀರು! ಅಯ್ಯೋ, ಎಡ್ಯಾಗೆ ನೀರೇ ಇಡಲಿಲ್ಲ ಕಣ್ರೇ! ನನ್ನ ಮಗಳಿಗೆ ಬಾಯಾರೈತೆ!" ಅಂತ ಬಾಗಿಲು ದೂಡ್ಕಂಡು ಒಳಗೆ ಹೋದ್ಲು. ಖರೇನೆ, ಅಷ್ಟೆಲ್ಲಾ ಬಡಿಸಿದ್ರಾಗೆ ನೀರು ಒಂದೇ ಮರ್ತಿದ್ರು.

ಚಿತ್ತಪ್ಪನ ತಲೆ ಕಾರಣ ಹುಡುಕ್ತಿತ್ತು. "ಕೊಟ್ರಿ, ಆ ಸ್ವಿಚ್ ಯಾರೇ ಹಾಕಿದ್ದು?"

"ಫೋಟೋಕ್ಕೆ ಮಿಣುಕು ದೀಪ ಹಾಕಾಕೆ ನಾನೇ ಹಾಕಿದೆ ಕಣಣ್ಣ. ನಂಗೇನು ಗೊತ್ತು?"

"ಹಂಗಾದ್ರೆ ಎಡೆ ಹಬೆ ಅದು. ಬಿಸಿ ಅನ್ನ ಸರಿಯಾಗಿ ಡಬ್ಬಿ ಕೆಳಗೇ ಇಟ್ಟೀರಿ. ಹಬೆ ಮ್ಯಾಲೆ ಎದ್ದಿದ್ದಕ್ಕೆ ಯಾರೋ ಬಂದ್ರು ಅಂದ್ಕಂಡೈತೆ. ಅತ್ತೆ, ಹೆದರಬ್ಯಾಡ. ಅದನ್ನ ಮುಟ್ಟಬ್ಯಾಡ, ನೀರು ತರ್ತೀನಿ." ಹಂಗಂದು ಹಿತ್ತಲಿಗೆ ಹೋದ.

ಮುಟ್ಟಬ್ಯಾಡ ಅಂದದ್ದು ಆ ತಾಯಿಗೆ ಎಲ್ಲಿ ಕೇಳಿಸ್ಬೇಕು! ಅವಳು ಡಬ್ಬಿ ಮುಂದೆ ಕಲ್ಲಾಗಿ ನಿಂತಿದ್ಲು. ಅಲುಗಾಡದೋರಿಗೆ ಅದು ಮಾತಾಡಂಗಿಲ್ಲ. ಮಗಳು ಸುಮ್ಮನಾದ್ಲು ಅಂದ್ರೆ ನಿಂತೋಯ್ತು ಅಂತ ಅವಳ ಲೆಕ್ಕ. ನಿಂತದ್ದನ್ನ ಎಬ್ಬಿಸೋದು ಅವಳಿಗೆ ಬರ್ತಿತ್ತಲ್ಲ, ಅಳಿಯನೇ ಕಲಿಸಿದ್ದು. ಕೆಂಪು ಗುಂಡಿ ಕಂಡ್ಲು, ಹೆಬ್ಬೆಟ್ಟು ಇಟ್ಟು ಬಲವಾಗಿ ಒತ್ತಿ ಹಿಡ್ಕಂಡ್ಲು. "ಬೊಮ್ಮೀ, ಯಾಕೆ ಸುಮ್ಮನಾದೆ? ಮಾತಾಡು ನನ್ನವ್ವಾ. ನೀರು ತರಾಕೆ ಹೋಗ್ಯಾನೆ. ಕುಡಿದು ಹೋಗು."

ಚಿತ್ತಪ್ಪ ತಂಬಿಗೆ ತುಂಬಾ ನೀರು ತಗಂಡು, ತುಳುಕದಂಗೆ ಎರಡೂ ಕೈಯಾಗೆ ಹಿಡ್ಕಂಡು ಒಳಗೆ ಕಾಲಿಟ್ಟ. ಡಬ್ಬಿ ಮಾತಾಡ್ತು. "ಬೊಮ್ಮೀ, ಯಾಕೆ ಸುಮ್ಮನಾದೆ? ಮಾತಾಡು ನನ್ನವ್ವಾ..."

ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಬಂದ. ಮತ್ತೆ ಅದೇ ಮಾತು. ನಗೆ ಇಲ್ಲ, ಬೆಕ್ಕಿಲ್ಲ, ನೆಂಟ್ರಿಲ್ಲ. ತಂಬಿಗೆ ಎಡೆ ಮುಂದೆ ಇಟ್ಟ.

"ಇದು ನನ್ನ ದನಿ ಅಲ್ಲವೇನಪ್ಪ?" ಅಂದ್ಲು ಕರಿಯಕ್ಕ. "ಅವಳದೆಲ್ಲಿ?"

ನೀನೇ ಅಳಿಸಿದೆ ಅನ್ನೋ ಮಾತು ಅವನ ನಾಲಿಗೆ ತುದಿಗೇ ಬಂದಿತ್ತು. ಆಕಿ ಮುಖ ನೋಡಿದ. ಹೆಬ್ಬೆಟ್ಟು ಇನ್ನೂ ಹಂಗೇ ಮುಂದಕ್ಕೆ ಚಾಚ್ಕಂಡಿತ್ತು.

"ಹೋದ್ಲು ಅತ್ತೆ. ನೀನು ಕರೆದದ್ದು ಕೇಳಿಸ್ಕಂಡೇ ಹೋದ್ಲು."

"ನೀರು ಕುಡಿದ್ಲಾ?" ಅಂತ ಬಗ್ಗಿ ತಂಬಿಗೆ ನೋಡಿದ್ಲು. "ಹೂಂ, ಕುಡಿದಾಳೆ. ನೋಡು."

ಚಿತ್ತಪ್ಪ ಬಗ್ಗಿದ. ನೀರು ಎರಡು ಬೆರಳು ಕೆಳಗೆ ಐತೆ. ತಂಬಿಗೆ ಸುತ್ತ ನೆಲ ಸವರಿದ, ಒಣಗೈತೆ. ಹೊಸ್ತಿಲು ತಂಕ ತಡವಿದ, ಹಿತ್ತಲ ಬಾಗಿಲು ತಂಕ ತಡವಿದ, ತನ್ನ ಪಂಚೆ ಅಂಚು ಹಿಂಡಿ ನೋಡಿದ. ಎಲ್ಲೂ ಒಂದು ಹನಿ ಇಲ್ಲ. ಡಬ್ಬಿಯ ವೈರು ಕಿತ್ತು ಜೇಬಿಗೆ ಹಾಕ್ಕಂಡ. ತಂಬಿಗೆಗೆ ಮತ್ತೆ ಕಂಠಮಟ ನೀರು ಹಾಕಿ, ಎಲ್ಲರನ್ನೂ ಆಚೆ ಕಳಿಸಿ, ತಾನೇ ಬಾಗಿಲು ಎಳೆದ.

ಚಿಲಕದ ಮ್ಯಾಲೆ ಕೈ ಇಟ್ಕಂಡು ನಿಂತ. ಒಳಗೆ ಸದ್ದಿಲ್ಲ. ಮಕ್ಕಳು ಹಸಿವು ಅಂತ ಅಳಾಕೆ ಶುರು ಮಾಡಿದ್ವು, ಅನ್ನ ಆರಿ ತಣ್ಣಗಾಗಿರಬೇಕು.

"ಸಾಕು ತೆಗಿಯೋ ಅಣ್ಣ, ಎಷ್ಟೊತ್ತು?" ಅಂದ್ಲು ಕೊಟ್ರಮ್ಮ.

"ಇರು," ಅಂದ. "ಇನ್ನೊಂದು ಸ್ವಲ್ಪ ಹೊತ್ತು ಇರಲಿ. ಉಣ್ಣಲಿ."