ಖಾಲಿ ಸೀಟಿಗೆ ಕಾದವನು

ನನ್ನ ತಮ್ಮ ಬದುಕಿಡೀ ವಿಮಾನಗಳಿಗೆ ಎಣ್ಣೆ ತುಂಬಿದವನು, ನಿವೃತ್ತಿಯವರೆಗೂ ಒಂದು ಸಲವೂ ವಿಮಾನ ಹತ್ತಿದವನಲ್ಲ. ಎಣ್ಣೆ ಲಾರಿಯನ್ನು ರೆಕ್ಕೆಯ ಪಕ್ಕ ನಿಲ್ಲಿಸಿ, ಒಂದಿಷ್ಟು ಎಣ್ಣೆಯನ್ನು ಗಾಜಿನ ಜಾಡಿಗೆ ಹಿಡಿದು ಬೆಳಕಿಗೆ ಎತ್ತಿ ನೋಡಬೇಕಂತೆ. ತಳದಲ್ಲಿ ಒಂದು ಹನಿ ನೀರು ಕಂಡರೂ ತುಂಬುವ ಹಾಗಿಲ್ಲ. ಯಾರು ಎಷ್ಟೇ ಅವಸರ ಮಾಡಿದರೂ ನೋಡದೆ ಬಿಟ್ಟವನಲ್ಲ. ಅವನ ಅಂಗಿಗಳನ್ನು ಎಷ್ಟು ತಿಕ್ಕಿದರೂ ಸೀಮೆಎಣ್ಣೆ ನಾತ ಹೋಗುತ್ತಿರಲಿಲ್ಲ. ಅವನ ಹೆಂಡತಿ ತೀರಿಕೊಂಡ ಮೇಲೆ ತಿಕ್ಕುತ್ತಿದ್ದವಳು ನಾನೇ.

ಮಗಳು ಒಬ್ಬಳೇ. ಮಾಳಿಗೆಗಳ ಮೇಲೆ ಸೋಲಾರ್ ಫಲಕ ಕೂರಿಸುವುದು ಅವಳ ಕೆಲಸ. ಅಪ್ಪ ಏರಿಗೆಳೆದರೆ ಮಗಳು ನೀರಿಗೆ. ಇಬ್ಬರೂ ಸುಸ್ತಾಗಿ ಬಂದು ತಟ್ಟೆ ಮುಂದೆ ಕೂತರೆ ಎಣ್ಣೆಯೋ ಬಿಸಿಲೋ ಅನ್ನುವ ಅದೇ ಚರ್ಚೆ.

ನಿವೃತ್ತಿಯ ವರ್ಷ ಅವನಿಗೊಂದು ಸವಲತ್ತು ಸಿಕ್ಕಿತು. ಅವನೂ ಮನೆಯವರಲ್ಲಿ ಇನ್ನೊಬ್ಬರೂ ಪುಕ್ಕಟೆ ಹಾರಬಹುದು, ಕೊನೇ ಗಳಿಗೆಯಲ್ಲಿ ಸೀಟು ಖಾಲಿ ಉಳಿದರೆ ಮಾತ್ರ. ಮಗಳ ಪಕ್ಕ ಕೂತು ಒಂದು ಸಲ ಮೇಲೆ ಹೋಗಿ ಬರಬೇಕು, ಅಷ್ಟೇ ಅವನ ಆಸೆ. ಅವಳೋ ವಿಮಾನ ಹತ್ತುವುದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು.

"ನಿನ್ನ ಓದಿಸಿದ್ದು ಇದೇ ಎಣ್ಣೆ ಕಣೇ" ಅಂದ ಅವನು.

"ಓದಿದ್ದಕ್ಕೇ ತಿಳೀತು ಅಪ್ಪ. ಮೊದಲು ಮಧ್ಯಾಹ್ನದವರೆಗೂ ಮಾಳಿಗೆ ಮೇಲೆ ಕೆಲಸ ಮಾಡ್ತಿದ್ವಿ. ಈಗ ಹತ್ತು ಗಂಟೆಗೇ ಕಬ್ಬಿಣ ಮುಟ್ಟೋಕಾಗಲ್ಲ. ಈ ಎಣ್ಣೆ ಹೊಗೆಗೇ ಭೂಮಿ ಕಾದುಹೋಗಿದೆ."

"ಹಾಗಾದ್ರೆ ನಿನ್ನ ಸೂರ್ಯನ್ನೇ ವಿಮಾನಕ್ಕೆ ಕಟ್ಟು. ಸಂಜೆಯಾದ್ರೆ ಮನೆಗೆ ಹೋಗ್ತಾನೆ ಪುಣ್ಯಾತ್ಮ. ನಾನಾದ್ರೂ ರಾತ್ರಿ ಪಾಳಿ ಮಾಡ್ತಿದ್ದೆ."

"ಅಷ್ಟು ದೊಡ್ಡದನ್ನ ಎತ್ತೋ ಬ್ಯಾಟರಿ ಇನ್ನೂ ಬಂದಿಲ್ಲ. ಬರುತ್ತೆ."

"ಬರೋ ಹೊತ್ತಿಗೆ ನಾನಿರಲ್ಲ."

ಊಟ ಆರುತ್ತೆ, ತಿನ್ನಿ ಅಂದೆ. ಯಾರೂ ಕೈ ಹಾಕಲಿಲ್ಲ. ಅವನು ಇನ್ನೊಂದು ದಾರಿ ಹುಡುಕಿದ. "ನಾವು ಹತ್ತೋದು ಖಾಲಿ ಸೀಟು. ನಾವು ಹತ್ತದಿದ್ರೂ ಅದು ಹಾರೇ ಹಾರುತ್ತೆ."

"ಜನ ಹೆಚ್ಚಾದ್ರೆ ಎಣ್ಣೆ ಹೆಚ್ಚು ಹಾಕಲ್ವಾ? ನಿನ್ನ ಬಾಯಿಂದಲೇ ಹೇಳು."

ಇಲ್ಲ ಅಂದುಬಿಡಬಹುದಿತ್ತು. ಅವಳು ನಂಬುತ್ತಿದ್ದಳೋ ಏನೋ. ಅವನು ತಟ್ಟೆ ಬದಿಗೆ ಸರಿಸಿದ.

"ಹಾಕ್ತೀವಿ. ಸ್ವಲ್ಪವಾದ್ರೂ ಹಾಕಲೇಬೇಕು" ಅಂದ. ಎದ್ದು ಕೈ ತೊಳೆದ.

ಆಮೇಲೆ ಅವನು ಆ ಮಾತೆತ್ತಲಿಲ್ಲ. ಎತ್ತಿ ಜಗಳವಾಡಿದ್ದರೂ ವಾಸಿಯಿತ್ತು. ಸುಮ್ಮನೆ ಬಾಲ್ಕನಿಯಲ್ಲಿ ಕೂತು ಹೋಗುವ ವಿಮಾನ, ಬರುವ ವಿಮಾನ ನೋಡುವುದು. ವಾರ ಕಳೆದ ಮೇಲೆ ಅವಳೇ ಬಂದು, "ಅತ್ತೆ, ನಂಗೂ ಸಾಕಾಗಿದೆ. ಒಂದೇ ಸಲ ಹೋಗಿ ಬರ್ತೀನಿ ಅಂತ ಅಪ್ಪಂಗೆ ಹೇಳು" ಅಂದಳು. ನೀನೇ ಹೇಳು ಅಂದೆ. ಹೇಳಿದಳು.

ಬೀಳ್ಕೊಡಲು ನಾನೂ ಹೋದೆ. ಎರಡು ವಿಮಾನ ತುಂಬಿ ಹೋದವು. ಇವನು ಇಸ್ತ್ರಿ ಅಂಗಿ ಮುದುರದ ಹಾಗೆ ನೆಟ್ಟಗೆ ಕೂತಿದ್ದ. ಮೂರನೆಯದಕ್ಕೆ ಕೌಂಟರಿನ ಹುಡುಗಿ ಒಂದೇ ಸೀಟು ಉಳಿದಿದೆ ಅಂದಳು. ಅಪ್ಪ ಮಗಳ ಮುಖ ನೋಡಿದ.

"ನೀನು ಹೋಗಪ್ಪ" ಅಂದಳು. ಹೊರೆ ಇಳಿಸಿದವಳ ದನಿ. ಅದು ನನಗೇ ಕೇಳಿಸಿತು ಅಂದಮೇಲೆ ಅವನಿಗೆ ಕೇಳಿಸದೆ ಇರುತ್ತದೆಯೇ? ತಲೆಯಾಡಿಸಿ ಚೀಲ ಎತ್ತಿಕೊಂಡ.

ನಾಲ್ಕನೆಯ ದಿನ ಸೊಂಟ ಹಿಡಿದುಕೊಂಡು ರೈಲಿನಲ್ಲಿ ಬಂದಿಳಿದ. ಕಾಲು ಊದಿಕೊಂಡಿತ್ತು. ಮಗಳು ಬಿಸಿನೀರು ತಂದಿಟ್ಟು, "ನಂಗೋಸ್ಕರ ರೈಲಲ್ಲಿ ಬಂದ್ಯಾ?" ಅಂತ ಮೆಲ್ಲಗೆ ಕೇಳಿದಳು.

"ಇಲ್ಲ ಕಣಮ್ಮ. ಬರುವಾಗ ಸೀಟು ಸಿಗ್ಲಿಲ್ಲ."

ಅವಳಿಗೆ ನಗು ಬಂತು. "ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪ" ಅಂತ ಅವನ ಕಾಲನ್ನು ನೀರಿಗೆ ಇಳಿಸಿದಳು. ಮೇಲಿಂದ ಏನು ಕಂಡಿತು ಅಂತ ಕೇಳಿದಳು. ಕಿಟಕಿ ಪಕ್ಕದವನು ಪರದೆ ಎಳೆದು ಮಲಗಿಬಿಟ್ಟನಂತೆ. ಎಬ್ಬಿಸೋಕೆ ಸಂಕೋಚ ಆಯ್ತು ಅಂದ.