ಜಮಖಾನದಾಗಿನ ತಗಣಿ

ಸಂಪಗಾಂವದ ಆ ಮನಿ ನಮ್ಮದು ಅಂತ ನಾವು ಹೇಳಕೋತಿದ್ದಿವಿ. ಖರೇ ಅಂದ್ರ ಜಂತಿಯೊಳಗ ಇಲಿ, ಜ್ವಾಳದ ಚೀಲದಾಗ ನುಸಿ, ಒಲಿ ಸಂದ್ಯಾಗ ಜಿರಳಿ, ಮಲಗೂ ಹೊರಸಿನ ತುಂಬ ತಗಣಿ. ನಡು ನಡು ಜಾಗಾ ಸಿಕ್ಕಲ್ಲಿ ನಾವು ಮಲಗತಿದ್ದಿವಿ.

ಎಪ್ಪತ್ತನೇ ಇಸವಿ ದಾಟಿದ ಮ್ಯಾಲಿನ ವರ್ಷಗಳು ಅವು. ಸರಕಾರದ ಮಂದಿ ಬೆನ್ನಿಗೆ ಪಂಪು ಕಟಗೊಂಡು ಬಂದು ಗ್ವಾಡಿಗೆಲ್ಲಾ ಡಿಡಿಟಿ ಹೊಡದು ಹೋಗತಿದ್ದರು. ಸೊಳ್ಳಿ ಕಡಿಮಿ ಆದವು. ತಗಣಿ ಮಾತ್ರ ಅದನ್ನ ಉಂಡು ಇನ್ನಷ್ಟು ಮೈ ಹಿಡದವು ಅಂತ ನನ್ನ ಅನುಮಾನ.

ಅಂಥಾದ್ರಾಗ ನನ್ನ ನಾದ್ನಿನ್ನ ನೋಡಾಕ ಕಟಕೋಳದವರು ಬರತಾರ ಅಂತ ಸುದ್ದಿ ಬಂತು. ಅದಕ್ಕೂ ಮೊದಲ ನೋಡಿಹೋದವರು ಯಾರೂ ತಿರುಗಿ ಮಾತು ಕಳಿಸಿರಲಿಲ್ಲ. ಒಬ್ಬರು ಹುಡುಗಿ ಕಪ್ಪು ಅಂದ್ರು, ಇನ್ನೊಬ್ಬರು ಬಾಯಿ ಜೋರು ಅಂದ್ರು. ಎರಡೂ ಖರೇನ. ಇದೊಂದು ತಪ್ಪಿದ್ರ ಮುಂದ ಯಾರೂ ಬರೂದಿಲ್ಲ ಅಂತ ನಮ್ಮ ಅತ್ತಿ, ನನ್ನ ಗಂಡನ ಅವ್ವ, ಊಟ ಬಿಟ್ಟು ಮನಿ ಒಪ್ಪ ಮಾಡಾಕ ನಿಂತ್ಳು.

ಬರೂ ಹಿಂದಿನ ದಿನ ನನ್ನ ಕೈಗೆ ಕಸಬರಗಿ ಕೊಟ್ಟು, "ಒಂದು ಎಳಿ ಜೇಡನ ಬಲಿ ಕಾಣಬಾರದು ನೋಡು" ಅಂದ್ಳು. ಬಾಗಲ ಹಿಂದ ಗ್ವಾಡಿಗೆ ರೂಪಾಯಿ ಅಗಲ ಬಿಳೇದು ಅಂಟಿತ್ತು. ಜೇಡ ತತ್ತಿ ಇಟ್ಟು ಮ್ಯಾಲ ಹಾಳಿಯಂಗ ಮುಚ್ಚತೈತಲ್ಲ, ಅದು. ನಾನು ಕೈ ಹಾಕಿದ್ದ ತಡ, ಅತ್ತಿ ಒದರಿದ್ಳು.

"ಅದನ್ನ ಬಿಡು! ನಾಳಿ ಈಳಗಿಗೆ ಬೊಟ್ಟು ಕೊಯ್ಕೊಂಡ್ರ ನಿಮ್ಮಪ್ಪ ಬಂದು ಪಟ್ಟಿ ಕಟ್ಟತಾನೇನು?"

ನಮ್ಮ ಕಡೆ ಗಾಯಾದ್ರ ಆ ಬಿಳೇದನ್ನ ಕಿತ್ತು ಹಚ್ಚತಾರ, ರಕ್ತ ನಿಂದರತೈತಿ ಅಂತಾರ. ಹಿಂಗಾಗಿ ಬಲಿ ಹೋತು, ಜೇಡ ಉಳೀತು. ಆ ಮನ್ಯಾಗ ಅತ್ತಿ ಕೈಲಿ ಬೈಸಿಕೊಳ್ಳದ ಜೀವ ಅದೊಂದ.

ಆಮ್ಯಾಲ ಹೊರಸಿನ ಪಾಳಿ. ಅಂಗಳಕ್ಕ ತಂದು, ಕುದಿಯೂ ನೀರು ಸಂದಿಗೆ ಸುರುವಿ, ಎತ್ತಿ ಎತ್ತಿ ನೆಲಕ್ಕ ಬಡದಿವಿ. ತಗಣಿ ಎಳ್ಳು ಚೆಲ್ಲಿದಂಗ ಉದರಿದವು. ಅತ್ತಿ ಆ ಹುರುಪಿನ್ಯಾಗ ಒಂದು ಮರತಿದ್ಳು. ಬಂದವರಿಗೆ ಹಾಸಾಕಂತ ಟ್ರಂಕಿನ್ಯಾಗಿನ ಜಮಖಾನ ತಗದು ಮಗ್ಗಲದಾಗ ಬಿಸಲಿಗೆ ಹಾಕಿದ್ಳು. ಬಿಸಿನೀರಿಗೆ ಸಾಯದವು ನೆಳ್ಳು ಹುಡಿಕ್ಕೋಂತ ಹೋಗಿ ಅದರ ಬುಡಕ ಕುಂತಾವ. ಸಂಜೀಕ ಅತ್ತಿ ಅವನ್ನೂ ಸೇರಿಸಿ ಮಡಚಿ, ರೇಶಿಮಿ ಸೀರಿ ಇಟ್ಟಂಗ ಒಳಗಿಟ್ಟಳು. ನಮಗ ಗೊತ್ತಾಗಿದ್ದು ಮರುದಿನ.

ಮರುದಿನ ಹುಡುಗ, ಹುಡುಗನ ಅವ್ವ, ಸೋದರಮಾವ ಮೂವರು ಎರಡು ಬಸ್ಸು ಬದಲಿಸಿ ಬಂದ್ರು. ಪಡಸಾಲ್ಯಾಗ ಜಮಖಾನದ ಮ್ಯಾಲ ಕುಂತ್ರು. ನಾದ್ನಿ ಅವಲಕ್ಕಿ ತಾಟು ತಂದಿಟ್ಟು, ನಮಸ್ಕಾರ ಮಾಡಿ ಎದುರಿಗೆ ಕುಂತ್ಳು.

"ರೊಟ್ಟಿ ಬಡಿಯಾಕ ಬರತೈತೇನವಾ?" ಅಂತ ಕೇಳಿ ಸೋದರಮಾವ ತೊಡಿ ಕೆರಕೊಂಡ.

"ಬರತೈತ್ರಿ."

"ಹೊಲದ ಕೆಲಸ?" ಅಂದು ಬೆನ್ನು ಕೆರಕೊಂಡ.

ಹುಡುಗ ಕುಂತಲ್ಲೇ ಆಕಡಿ ಈಕಡಿ ಸರದಾಡಾಕ ಹತ್ತಿದ. ನಾಚಿಕಿ ಸ್ವಭಾವ ಅಂತ ನಮ್ಮ ಮಾವ, ಅಂದ್ರ ನಾದ್ನಿ ಅಪ್ಪ, ಮೆಚ್ಚಿಕೊಂಡ.

ನಾನು ಚಹಾ ಇಡಾಕ ಬಗ್ಗಿದಾಗ ಕಂಡೆ. ಹುಡುಗನ ಬಿಳೇ ಅಂಗಿ ಕಾಲರ್ ಮ್ಯಾಲ ಒಂದು ಹೊಟ್ಟಿ ತುಂಬಿದ ತಗಣಿ ನಿಧಾನಕ ಏರಾಕ ಹತ್ತಿತ್ತು. ಅತ್ತಿ ಕಡೆ ಕಣ್ಣು ಮಾಡಿದೆ. ಆಕಿ ಮಾರಿ ಬೂದಿ ಬಣ್ಣ ಆತು. ನಾದ್ನಿನೂ ನೋಡಿದ್ಳು, ಬಗ್ಗಿಸಿದ ತಲಿ ಇನ್ನಷ್ಟು ಬಗ್ಗಿಸಿದ್ಳು. ಹುಡುಗಿ ಅಳತಾಳ ಅಂತ ನಮ್ಮ ಮಾವ ತಿಳಕೊಂಡ. ಆಕಿ ನಗಾಕ ಹತ್ತಿದ್ಳು.

ಅಷ್ಟರಾಗ ಹುಡುಗನ ಅವ್ವಗೂ ಕಂಡು, ಚಟ್ಟನ ಎರಡು ಬೊಟ್ಟಿನ್ಯಾಗ ಹಿಡದು ಹೊಸಗಿದ್ಳು. ಹೊಸಗಿದ ತಗಣಿ ವಾಸನಿ ಮುಚ್ಚಿಡಾಕ ಯಾರಿಂದ ಆಗತೈತಿ? ಪಡಸಾಲಿ ತುಂಬ ಹಬ್ಬಿತು. ಮುಗೀತು, ಇವರೂ ಎದ್ದು ಹೋಗತಾರ ಅಂದುಕೊಂಡೆ.

ಆ ಹೆಣ್ಮಗಳು ಮಾರಿ ಸಣ್ಣ ಮಾಡಕೊಂಡು ಅತ್ತಿ ಕಡೆ ನೋಡಿದ್ಳು.

"ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ. ಆ ಸುಡಗಾಡು ಬಸ್ಸಿನ ಸೀಟಿನ್ಯಾಗ ಇದ್ದುವ್ರಿ. ನಮ್ಮ ಮೈಗೆ ಹತ್ತಿ ನಿಮ್ಮ ಜಮಖಾನಕ್ಕ ಬಂದಾವ. ನಮ್ಮ ಮನ್ಯಾಗ ಇಂಥಾವು ಇಲ್ಲರಿ, ಆಣಿ ಮಾಡಿ ಹೇಳತೇನಿ."

ನಮ್ಮ ಮಾವ ಖರೇ ಹೇಳಾಕ ಬಾಯಿ ತೆರದ. ಸುಳ್ಳು ಬಾರದ ಮನಶ್ಯಾ ಅಂವ. ಅತ್ತಿ ಅವನ ಮುಂದ ಅವಲಕ್ಕಿ ತಾಟು ಹಿಡದು "ತಿನ್ರಿ" ಅಂದ್ಳು. ಅಂವ ತಿಂದ. ಆಮ್ಯಾಲ ಆಕಿ ಹುಡುಗನ ಅವ್ವನ ಕಡೆ ಹೊಳ್ಳಿ ದೊಡ್ಡ ಮನಸು ಮಾಡಿದ್ಳು.

"ಇರಲಿ ಬಿಡ್ರಿ. ಬಸ್ಸಿನ್ಯಾಗ ಬಂದ ಮ್ಯಾಲ ನೀವರ ಏನ್ ಮಾಡ್ತೀರಿ? ಜಮಖಾನ ಝಾಡಿಸಿದ್ರ ಆತು."

ಇನ್ನೊಬ್ಬರ ಮನಿಗೆ ತಗಣಿ ತಂದು ಬಿಟ್ಟೇನಿ ಅಂದುಕೊಂಡಾಕಿಗೆ ಹುಡುಗಿ ಕಪ್ಪು ಅನ್ನಾಕ ಬಾಯಿ ಎಲ್ಲಿಂದ ಬರಬೇಕು? ಎಲಿ ಅಡಕಿ ಹಾಕ್ಕೊಳ್ಳೂದ್ರಾಗ ಮಾತು ಪಕ್ಕಾ ಆತು.

ಅವರು ಹೋದ ಮ್ಯಾಲ ನಾದ್ನಿ ಅಡಗಿ ಮನ್ಯಾಗ ಬಂದು ಕೇಳಿದ್ಳು: "ಅತ್ತಿಗಿ, ಅಂವ ನನ್ನ ಮಾರಿ ಒಮ್ಮೆರ ನೋಡಿದನೇನು?"

"ಅವಂಗ ಪುರಸೊತ್ತು ಎಲ್ಲಿತ್ತ?" ಅಂದೆ.

ಲಗ್ನ ಆತು. ಆಮ್ಯಾಲ ಎಷ್ಟೋ ವರ್ಷ ಆ ಬೀಗತಿ ನಮ್ಮ ಮನಿಗೆ ಬಂದಾಗೆಲ್ಲ ಹೊಸ್ತಲದ ಹೊರಗ ನಿಂತು ಸೆರಗು, ನೆರಿಗಿ, ಕೈಚೀಲ ಎಲ್ಲಾ ಝಾಡಿಸಿದ ಮ್ಯಾಲ ಕಾಲು ಒಳಗಿಡತಿದ್ಳು. ನಮ್ಮ ಅತ್ತಿ ಬಾಗಲದಾಗ ನಿಂತು, "ಹಿಂದಿಂದೂ ಒಂಚೂರು ಝಾಡಸ್ರಿ ಅಕ್ಕಾರ" ಅಂತ ಹೇಳಿಕೊಡತಿದ್ಳು.