ನಾಲ್ಕನೇ ಮಹಡಿಯ ಟೈಲರಕ್ಕ ಬೆಟ್ಟ ಹತ್ತಿದ್ದು

ನಮ್ಮ ಕಟ್ಟಡದ ಟೈಲರಕ್ಕನಿಗೆ ನನ್ನ ಕೋಟಿನ ಮೇಲೆ ಕಣ್ಣು ಬಿದ್ದಿದೆ ಎಂದು ಬಹಳ ದಿನ ನಂಬಿದ್ದವಳು ನಾನು. ಅವರ ಹೊಲಿಗೆ ಕೋಣೆ ನಾಲ್ಕನೇ ಮಹಡಿಯಲ್ಲಿ, ನನ್ನ ಮನೆ ಮೂರರಲ್ಲಿ. ಲಿಫ್ಟ್ ಎಂಬುದು ಕಟ್ಟಿಸಿದವನ ಕನಸಿನಲ್ಲೂ ಬಂದಿರಲಿಲ್ಲ. ಬೆಳಗ್ಗೆ ನಾನು ಇಳಿಯುವಾಗ ಅವರು ಮೆಟ್ಟಿಲ ತಿರುವಿನಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ನೋಡಲಿ ಪಾಪ ಎಂದು ನಾನೂ ಒಂದು ಗಳಿಗೆ ನಿಂತು, ಬೆನ್ನಿನ ಕಡೆಯ ಹೊಲಿಗೆಯನ್ನೂ ತೋರಿಸಿ ಹೋಗುತ್ತಿದ್ದೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, "ಕೋಟು ಇಷ್ಟ ಆಯ್ತಾ ಅಕ್ಕ?"

"ಯಾವ ಕೋಟು? ಮಂಡಿ ನೋಯ್ತಿದೆ, ನಿಂತಿದೀನಿ. ನೀವು ಜರುಗಿದ್ರೆ ಮೇಲೆ ಹೋಗ್ತೀನಿ."

ಸ್ನೇಹ ಶುರುವಾದದ್ದು ಅಲ್ಲಿಂದ. ಆ ಕೋಟಿನ ತೋಳು ಉದ್ದವಾಗಿದೆ ಎಂದು ಅವರೇ ಆಮೇಲೆ ಕತ್ತರಿಸಿ ಸರಿಮಾಡಿದರು.

ಕಳೆದ ವರ್ಷ ಆ ಮಂಡಿಗೆ ಆಪರೇಷನ್ ಆಯಿತು. ಕಟ್ಟಡದ ಕೆಳಗೇ ಸೈಕಲ್ ಅಂಗಡಿ ಇಟ್ಟಿರುವ ಅವರ ತಮ್ಮ, ಅಕ್ಕನ ಮೇಲಿನ ಪ್ರೀತಿಯಿಂದಲೇ, ತನ್ನ ಅಂಗಡಿಯ ಹಿಂದಿನ ಕೋಣೆಗೆ ಹೊಲಿಗೆ ಯಂತ್ರವನ್ನು ಇಳಿಸಬೇಕೆಂದು ತೀರ್ಮಾನಿಸಿದ. ಆ ಕೋಣೆಗೆ ಕಿಟಕಿಯೇ ಇಲ್ಲ. ಮೇಲಿನ ಕೋಣೆಗೆ ಎರಡಿವೆ. ಅವುಗಳ ಕೆಳಗೆ ಕತ್ತರಿಸುವ ಮೇಜು, ಪಕ್ಕದಲ್ಲಿ ಓರೆಯಾಗಿ ಯಂತ್ರ, ಮೂವತ್ತೊಂದು ವರ್ಷದಿಂದ ಅಲುಗಿಲ್ಲ.

"ದೊಡ್ಡ ಬಲ್ಬ್ ಹಾಕಿಸ್ತೀನಲ್ಲಕ್ಕಾ."

"ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣೋಕೆ ಬಲ್ಬ್ ಸಾಕಾಗಲ್ಲ ಕಣೋ."

"ನಾಲ್ಕು ಮಹಡಿಗೆ ನಾಲ್ಕು ಸಲ ನಿಲ್ತೀಯ. ನೀನೇನು ಬೆಟ್ಟ ಹತ್ತೋಳಾ?"

"ಹತ್ತಿದ್ರೆ?"

"ಹತ್ತಿ, ರಾತ್ರಿ ಅಲ್ಲೇ ಉಳಿದು, ನಿನ್ನ ಕಾಲಲ್ಲೇ ಇಳಿದು ಬಾ. ಆಮೇಲೆ ನಾನು ಕೋಣೆ ಸುದ್ದಿ ಎತ್ತಿದ್ರೆ ಕೇಳು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಡಾಕ್ಟರನ್ನು ಕೇಳಿ, ಅವರು ಹೂಂ ಎಂದ ಮೇಲೆ ಎರಡು ತಿಂಗಳು ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದರು. ಸಾಕ್ಷಿಗೆಂದು ನನ್ನನ್ನು ಹೊರಡಿಸಿದರು. ಅಂಥ ಚಳಿಗಾಲದಲ್ಲಿ! ಬೆಟ್ಟ ಹತ್ತುವುದರ ಬಗ್ಗೆ ನಾನು ಮೂರು ಲೇಖನ ಓದಿದ್ದರಿಂದ ನಾಯಕತ್ವ ಸಹಜವಾಗಿ ನನ್ನದೇ ಎಂದುಕೊಂಡಿದ್ದೆ. ಆಫೀಸಿನ ಗುಮಾಸ್ತರೊಬ್ಬರಿಂದ ಟೆಂಟನ್ನೂ ನಾನೇ ಎರವಲು ತಂದೆ. ಹೊಲಿಗೆ ಬಿಟ್ಟಿದೆಯೇ ನೋಡಿ ಎಂದು ಅಕ್ಕನ ಕೈಗೆ ಕೊಟ್ಟೆ.

ಶನಿವಾರ ಸಂಜೆ, ಶಿಖರದ ಕೆಳಗಿನ ಬಯಲಿನಲ್ಲಿ ಅದನ್ನು ಬಿಚ್ಚಿದರೆ, ಟೆಂಟು ಹೋಗಿ ದಿಂಬಿನ ಚೀಲ ಆಗಿತ್ತು.

"ಏನಕ್ಕಾ ಇದು?"

"ಸಡಿಲ ಇತ್ತು. ಸ್ವಲ್ಪ ಒಳಗೆ ಹಿಡಿದೆ. ಇಬ್ರು ಮಲಗೋಕೆ ಅಷ್ಟು ಬಟ್ಟೆ ಯಾಕೆ? ನಿಮ್ಮ ಅಳತೆ ಪುಸ್ತಕದಲ್ಲಿ ಇತ್ತಲ್ಲ."

"ಯಾವಾಗಿನ ಅಳತೆ?"

ಅಕ್ಕ ನನ್ನ ಸೊಂಟವನ್ನು ನೋಡಿದರು, ಟೆಂಟನ್ನು ನೋಡಿದರು. "ಎಂಟು ವರ್ಷದ ಹಿಂದಿನದು," ಎಂದು ಒಪ್ಪಿಕೊಂಡರು.

ಎಂಟು ವರ್ಷದ ಹಿಂದಿನ ನಾನು ಅದರೊಳಗೆ ಸುಖವಾಗಿ ಮಲಗಿದ್ದೆ; ಆಮೇಲೆ ಬೆಳೆದ ನಾನು ರಾತ್ರಿಯಿಡೀ ಹೊರಗುಳಿದಿದ್ದೆ. ಆದರೆ ನಿಜ ಹೇಳಬೇಕು. ಬೆಳಗಾದಾಗ ಪಕ್ಕದ ಎರಡು ಟೆಂಟುಗಳು ಗಾಳಿಗೆ ಮಕಾಡೆ ಮಲಗಿದ್ದವು. ನಮ್ಮದು ಮದುಮಗನ ಕೋಟಿನಂತೆ ಒಂದು ಸುಕ್ಕೂ ಇಲ್ಲದೆ ನಿಂತಿತ್ತು.

ಉಳಿದದ್ದು ಕೊನೆಯ ಏರು. ಹುಲ್ಲಿನ ಮೇಲೆ ಹಿಮ ಉಪ್ಪಿನಂತೆ ಕೂತಿತ್ತು. ನೂರು ಹೆಜ್ಜೆಗೊಮ್ಮೆ ನಿಲ್ಲಬೇಕು, ಮೂಗಿನಿಂದಲೇ ಉಸಿರಾಡಬೇಕು ಎಂದು ನಾನು ಲೇಖನಗಳನ್ನು ಒಪ್ಪಿಸುತ್ತಾ ನಡೆದೆ. ಅರ್ಧ ದಾರಿಯಲ್ಲಿ ಮೂಗು, ಬಾಯಿ, ಜ್ಞಾನ ಮೂರೂ ಕೈಕೊಟ್ಟು ಒಂದು ಬಂಡೆಯ ಮೇಲೆ ಕುಸಿದೆ.

"ಎಷ್ಟು ಹೆಜ್ಜೆ ಆಯ್ತಕ್ಕಾ?"

"ಹೊಲಿಗೆ ಎಣಿಸ್ಕೊಂಡು ಯಾರಾದ್ರೂ ಹೊಲಿತಾರಾ? ಗೆರೆ ನೋಡ್ಕೊಂಡು ಹೋಗ್ತಾ ಇರ್ಬೇಕು. ಕೊಡಿ ಆ ಚೀಲ."

ನನ್ನ ಚೀಲವನ್ನೂ ಹೆಗಲಿಗೇರಿಸಿ ಹೊರಟರು. ಒಂದೇ ವೇಗ, ಆತುರವಿಲ್ಲ, ನಿಲುಗಡೆಯಿಲ್ಲ. ಕಡಿದಾದ ಕಡೆ ಮಾತ್ರ ಬಲಗಾಲನ್ನು ಊರಿ, ಅದು ತಡೆಯುತ್ತದೆಯೇ ಎಂದು ಅರೆಗಳಿಗೆ ಕಾದು, ಎಡಗಾಲನ್ನು ಎತ್ತುತ್ತಿದ್ದರು. ಒಮ್ಮೆ ಜಾರಿದರು. ಮಂಡಿ ಮುಟ್ಟಿ ನೋಡಿಕೊಂಡು, ಎದ್ದು, ಮತ್ತೆ ಅದೇ ವೇಗ. ನಾನು ತೆವಳಿಕೊಂಡು ಶಿಖರ ಮುಟ್ಟುವಷ್ಟರಲ್ಲಿ ಅವರು ಬಿಸಿಲಿಗೆ ಮುಖವೊಡ್ಡಿ, ಎರಡೂ ಕಾಲು ಚಾಚಿ, ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದರು. ನನ್ನನ್ನು ಕಂಡದ್ದೇ ಬೆಟ್ಟವೆಲ್ಲ ಕೇಳುವಂತೆ ನಕ್ಕರು. ಆ ನಗೆಗೆ ಉತ್ತರವಾಗಿ ನನಗೆ ಚಪ್ಪಾಳೆ ತಟ್ಟುವುದೊಂದೇ ತೋಚಿತು.

ಮಧ್ಯಾಹ್ನ ಕೆಳಗಿಳಿದಾಗ ಅಕ್ಕನ ತಮ್ಮ ಕಾರು ತಂದು ಕಾಯುತ್ತಿದ್ದ. ಹಿಂದಿನ ಸೀಟಿನಲ್ಲಿ ಎರಡು ದಿಂಬು, ಕೈಯಲ್ಲಿ ನೋವಿನ ಮುಲಾಮು. ಅಕ್ಕ ಮುಂದಿನ ಸೀಟಿನಲ್ಲಿ ಕೂತರು. ದಿಂಬಿನ ಮೇಲೆ ಮಲಗಿ ಮುಲಾಮು ಹಚ್ಚಿಕೊಂಡವಳು ನಾನು.

ಊರು ಹತ್ತಿರ ಬಂದಾಗ ತಮ್ಮ ಸಣ್ಣ ದನಿಯಲ್ಲಿ ಕೇಳಿದ, "ಅಲ್ಲಕ್ಕಾ, ಹಿಂದಿನ ಕೋಣೆಗೆ ಬಣ್ಣ ಬೇರೆ ಹೊಡೆಸಿಬಿಟ್ಟಿದೀನಿ. ಈಗ ಅಲ್ಲಿ ಯಾರು ಕೂತ್ಕೋಬೇಕು?"

"ನೀನೇ ಕೂತ್ಕೋ."